ಆಷಾಢದಲ್ಲಿ ಕಿತ್ತ ಎರಡು ಹಲ್ಲು

ಅವರು ಮೊದಲ ಸಲ ಬಂದದ್ದು ಮಧ್ಯಾಹ್ನ ಒಂದೂವರೆಗೆ. ನಾನು ಕ್ಲಿನಿಕ್ಕಿನ ಬಾಗಿಲು ಮುಂದೆ ಮಾಡಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ತಟ್ಟಿದ ಸದ್ದಿಗೆ ಎದ್ದು ತೆರೆದರೆ ಐವತ್ತರ ಆಸುಪಾಸಿನ ಒಬ್ಬರು, ಅವರ ಹಿಂದೆ ಅವರ ಹೆಂಡತಿ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು, ಕಿವಿಯಲ್ಲಿ ಕೆಂಪು ಹರಳಿನ ಒಂಟಿ. ಮಡಿಚಿದ ಕರ್ಚೀಫನ್ನು ಬಾಯಿಗೆ ಅಡ್ಡ ಹಿಡಿದಿದ್ದರು.

"ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ ತಾಯಿ?"

"ನಾನೇ ಡಾಕ್ಟ್ರು. ಬನ್ನಿ."

ಅವರು ಹೆಂಡತಿಯ ಮುಖ ನೋಡಿದರು. "ಅಲ್ಲ, ಹಲ್ಲು ಕೀಳೋದಕ್ಕೆ ಗಂಡಸರು ಬೇರೆ ಬರ್ತಾರಾ?"

"ಕೀಳೋದೂ ನಾನೇ."

ಎಂಬತ್ತರ ದಶಕದ ಆರಂಭದ ಮಾತು. ಜಯನಗರದಲ್ಲಿ ಒಂದು ಮನೆಯ ಮಹಡಿ ಮೇಲೆ ಎರಡು ಕೋಣೆ ಬಾಡಿಗೆಗೆ ಹಿಡಿದು ಸ್ವಂತ ಕ್ಲಿನಿಕ್ ತೆರೆದು ನನಗೆ ಎರಡನೇ ವರ್ಷ. ಇಂಥ ಪ್ರಶ್ನೆ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದುದರಿಂದ ಬೇಜಾರು ಮಾಡಿಕೊಳ್ಳುವುದನ್ನು ಬಿಟ್ಟಿದ್ದೆ. ಕುರ್ಚಿಯಲ್ಲಿ ಕೂರಿಸಿ ಬಾಯಿ ತೆರೆಸಿದೆ. ಮೇಲಿನ ದವಡೆಯ ಮುಂದಿನ ಎರಡು ಹಲ್ಲು ಒಸಡಿನಲ್ಲಿ ನಿಂತಿರಲೇ ಇಲ್ಲ, ತೇಲುತ್ತಿದ್ದವು. ಕನ್ನಡಿಯ ಹಿಡಿಯಿಂದ ಮುಟ್ಟಿದರೆ ಒಳಕ್ಕೂ ಹೊರಕ್ಕೂ ಹೋಗಿ ಬರುತ್ತಿದ್ದವು. ಬೆರಳಲ್ಲಿ ಒಸಡು ಒತ್ತಿದರೆ ಕೀವು. ಆಗ ಎಲ್ಲರೂ ಪಯೋರಿಯಾ ಎನ್ನುತ್ತಿದ್ದ ಕಾಯಿಲೆ. ಅಕ್ಕಪಕ್ಕದ ಎರಡು ಹಲ್ಲು ಸ್ವಲ್ಪ ಅಲ್ಲಾಡುತ್ತಿದ್ದರೂ ಶುಚಿ ಮಾಡಿದರೆ ಉಳಿಯುವಂತಿದ್ದವು. ಕೋರೆಹಲ್ಲುಗಳು ಕಲ್ಲಿನಂತಿದ್ದವು.

"ಎರಡು ತೆಗೀಬೇಕು" ಎಂದೆ.

"ನೀವು ಮುಟ್ಟೋ ಮುಂಚೆ ಇಷ್ಟು ಅಲ್ಲಾಡ್ತಿರಲಿಲ್ಲ" ಎಂದರು.

ಹೆಂಡತಿ ತಲೆ ತಗ್ಗಿಸಿದರು.

ರಿಜಿಸ್ಟರಿನಲ್ಲಿ ಹೆಸರು ಬರೆಸಿದರು. ವಿಳಾಸ ಶ್ರೀನಗರ. ಕೆಲಸ ಏನೆಂದು ಕೇಳಿದ್ದಕ್ಕೆ ಕೊಂಚ ತಡೆದು "ಫ್ಯಾಕ್ಟರೀಲಿ" ಎಂದರು. ಯಾವ ಫ್ಯಾಕ್ಟರಿ ಎಂದು ಕೇಳಲಿಲ್ಲ. ಆದರೆ ಬರೆಯುವಾಗ ಅವರ ಕೈ ನೋಡಿದೆ. ಎಣ್ಣೆ, ಕಬ್ಬಿಣ ಮುಟ್ಟಿದ ಕೈಯಾಗಿರಲಿಲ್ಲ. ಉಗುರು ನೀಟಾಗಿ ಕತ್ತರಿಸಿದ, ಬೆರಳ ತುದಿ ಮಾತ್ರ ಗಟ್ಟಿಯಾದ ಕೈ. ಎಕ್ಸ್-ರೇಗೆ ಚೀಟಿ ಬರೆದು ಅವರ ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡಲಿಲ್ಲ. ಎರಡನೇ ಸಲಕ್ಕೆ ಹೆಂಡತಿ ಮೊಣಕೈಯಿಂದ ತಿವಿದರು. ಇದು ಇವರ ಹೆಸರಲ್ಲ ಎಂದು ಅಂದೇ ನನಗೆ ಅನ್ನಿಸಿತು.

ಐದು ದಿನ ಸುಳಿವಿಲ್ಲ. ಆರನೇ ದಿನ ಮತ್ತೆ ಅದೇ ಹೊತ್ತಿಗೆ ಬಂದರು. ನನ್ನ ಚೀಟಿಯಲ್ಲಿ ತೆಗೆಸಿದ ಎಕ್ಸ್-ರೇಯನ್ನು ವಿಲ್ಸನ್ ಗಾರ್ಡನ್‌ನ ಇನ್ನೊಬ್ಬ ದಂತವೈದ್ಯರಿಗೆ ತೋರಿಸಿಕೊಂಡು ಬಂದಿದ್ದರು. ಅದನ್ನು ಮುಚ್ಚಿಡಲೂ ಇಲ್ಲ.

"ಅವರು ಆರು ಹಲ್ಲು ಕೀಳ್ಬೇಕು ಅಂದ್ರು. ನೀವು ಎರಡು ಅಂತೀರಿ. ಇಬ್ಬರಲ್ಲಿ ಯಾರು ಸುಳ್ಳು ಹೇಳ್ತಿರೋದು?"

ಆ ಕ್ಷಣ ನನಗೆ ನನ್ನ ಮೇಲೇ ಅನುಮಾನ ಬಂತು. ಅವರು ಹಿರಿಯ ವೈದ್ಯರು. ಕೋರೆಹಲ್ಲಿನವರೆಗೆ ತೆಗೆದು ಒಂದೇ ಪ್ಲೇಟು ಕೂರಿಸಿದರೆ ಮುಂದೆ ತಾಪತ್ರಯವಿಲ್ಲ ಎನ್ನುವುದು ಅವರ ಲೆಕ್ಕವಿರಬೇಕು. ನಾನು ಎಕ್ಸ್-ರೇಯನ್ನು ಮತ್ತೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮುಂದಿನ ಎರಡರ ಬೇರಿನ ಸುತ್ತ ಮೂಳೆ ತುದಿಯವರೆಗೆ ಕರಗಿತ್ತು. ಪಕ್ಕದವಕ್ಕೆ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಎರಡೇ ಎಂದು ಮತ್ತೆ ಹೇಳಿದೆ.

ಜಾಗ ತುಂಬಿಸಲು ಇದ್ದ ದಾರಿಗಳನ್ನು ವಿವರಿಸಿದೆ. ತೆಗೆಯಲು ಬಾರದ ಬ್ರಿಡ್ಜ್ ಕೂರಿಸಬಹುದು, ಆದರೆ ಪಕ್ಕದವು ಭಾರ ತಡೆಯುವುದಿಲ್ಲವಾದ್ದರಿಂದ ಕೋರೆಹಲ್ಲುಗಳನ್ನು ಸುತ್ತಲೂ ಅರೆದು ಅವಕ್ಕೆ ಟೋಪಿಯಂತೆ ಹಾಕಬೇಕು.

"ಚೆನ್ನಾಗಿರೋ ಹಲ್ಲನ್ನ ಅರೆಯೋದಾ? ಅದನ್ನೂ ಹಾಳು ಮಾಡಿ ಆಮೇಲೆ ಕೀಳೋದಕ್ಕಾ?"

ಹಾಗಾದರೆ ತೆಗೆದು ಹಾಕುವ ಪ್ಲೇಟು. ಅಂಗುಳಕ್ಕೆ ಅಂಟಿಕೊಳ್ಳುವ ಗುಲಾಬಿ ಬಣ್ಣದ ಅಕ್ರಿಲಿಕ್, ಅದರ ಮುಂದೆ ಎರಡು ಹಲ್ಲು, ಹಿಂದಿನ ದವಡೆ ಹಲ್ಲಿಗೆ ಒಂದೊಂದು ತಂತಿಯ ಕೊಕ್ಕೆ. ಅದಕ್ಕೆ ಒಪ್ಪಿದರು. ಆದರೆ ಎರಡು ಷರತ್ತು. ಬಾಯಲ್ಲಿ ಒಂದು ದಿನವೂ ಹಲ್ಲಿಲ್ಲದೆ ಇರಬಾರದು. ಎಲ್ಲವೂ ಆಷಾಢದಲ್ಲೇ ಮುಗಿದು ಶ್ರಾವಣದ ಹೊತ್ತಿಗೆ ಗಟ್ಟಿಯಾಗಿರಬೇಕು.

ಇದು ನನ್ನ ಅನುಮಾನವನ್ನು ಇನ್ನಷ್ಟು ಬಲಪಡಿಸಿತು. ಆಷಾಢದಲ್ಲಿ ನನ್ನ ಕ್ಲಿನಿಕ್ ಖಾಲಿ ಹೊಡೆಯುತ್ತಿತ್ತು. ಹೊಸ ಹಲ್ಲು ಕಟ್ಟಿಸುವವರು ಒಳ್ಳೆಯ ತಿಂಗಳು ಬರಲಿ ಎಂದು ಕಾಯುತ್ತಿದ್ದರು. ಇವರೊಬ್ಬರು ಹಟ ಹಿಡಿದು ಆಷಾಢವೇ ಬೇಕೆನ್ನುತ್ತಾರೆ, ಹೆಸರು ಸುಳ್ಳು, ಕೆಲಸ ಸುಳ್ಳು, ಬೇರೆ ರೋಗಿಗಳಿಲ್ಲದ ಹೊತ್ತು ನೋಡಿ ಬರುತ್ತಾರೆ. ಯಾವುದಾದರೂ ಕೋರ್ಟಿನ ವಿಷಯವೋ, ಹೊಡೆದಾಟದ ವಿಷಯವೋ, ನಾಳೆ ಪೊಲೀಸರು ಬಂದು ನನ್ನ ರಿಜಿಸ್ಟರ್ ಕೇಳುತ್ತಾರೋ ಎಂದೆಲ್ಲ ಯೋಚಿಸಿದೆ.

ಆದರೂ ಅಳತೆ ತೆಗೆದೆ. ಒಂದು ದಿನವೂ ಬಾಯಿ ಖಾಲಿ ಇರಬಾರದೆಂದರೆ ಹಲ್ಲು ಕೀಳುವ ಮೊದಲೇ ಪ್ಲೇಟು ತಯಾರಿರಬೇಕು. ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು ಮಾದರಿ ಮಾಡಿ, ಕೀಳಬೇಕಾದ ಎರಡು ಹಲ್ಲುಗಳನ್ನು ಆ ಮಾದರಿಯಲ್ಲಿ ಕತ್ತರಿಸಿ, ಕಿತ್ತ ಮೇಲೆ ಒಸಡು ಹೇಗಿರಬಹುದೆಂದು ಊಹಿಸಿ ಕೆರೆಯಬೇಕು. ಅದರ ಮೇಲೆ ಪ್ಲೇಟು ಮಾಡುವುದು ಡೆಂಟಲ್ ಮೆಕ್ಯಾನಿಕ್ ಕೆಲಸ. ವಿಲ್ಸನ್ ಗಾರ್ಡನ್‌ನಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಲ್ಯಾಬು ಇಟ್ಟುಕೊಂಡಿದ್ದ ನಮ್ಮ ಮೆಕ್ಯಾನಿಕ್ ನಾಲ್ಕು ದಿನದಲ್ಲಿ ಪ್ಲೇಟು ಕೊಟ್ಟರು. ರೋಗಿಯ ಹಳೆಯ ಹಲ್ಲು ಕಾಯಿಲೆಯಿಂದ ಮುಂದಕ್ಕೆ ಚಾಚಿದ್ದವು. ಹೊಸವನ್ನು ನಾನು ಒಳಕ್ಕೆ, ನೇರವಾಗಿ ಕೂರಿಸಲು ಹೇಳಿದ್ದೆ. ಮುಖಕ್ಕೆ ಲಕ್ಷಣವಾಗಿ ಕಾಣಲಿ ಎಂದು.

ಕೀಳುವ ದಿನ ಅವರು ಹೆಂಡತಿಯನ್ನು ಕುರ್ಚಿಯ ಪಕ್ಕದಲ್ಲೇ ನಿಲ್ಲಿಸಿಕೊಂಡರು.

"ಕಣ್ಣು ಮುಚ್ಬೇಡ. ಎಷ್ಟು ಕಿತ್ರು ಎಣಿಸು. ಯಾವುದು ಕಿತ್ರು ನೋಡು."

ಕುದಿಸಿದ ಗಾಜಿನ ಸಿರಿಂಜಿನಲ್ಲಿ ಮದ್ದು ಎಳೆದು ಒಸಡಿಗೆ ಚುಚ್ಚಿ, ತುಟಿ ಜೋಮು ಹಿಡಿಯುವವರೆಗೆ ಕಾದೆ. ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಸಾಕಿತ್ತು, ಎರಡೂ ಬಂದವು. ಗುಳಿ ಕೆರೆದು, ಉಪ್ಪುನೀರಲ್ಲಿ ತೊಳೆದು ಪ್ಲೇಟು ಕೂರಿಸಿದೆ. ಕಿತ್ತ ಹಲ್ಲುಗಳನ್ನು ಕೇಳಿ ಪಡೆದು, ಬೇರು ಪೂರ್ತಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ ಕರ್ಚೀಫಿನಲ್ಲಿ ಕಟ್ಟಿಕೊಂಡರು. ನಾಳೆಯವರೆಗೆ ಪ್ಲೇಟು ತೆಗೆಯಬೇಡಿ, ಜೋರಾಗಿ ಮುಕ್ಕಳಿಸಬೇಡಿ ಎಂದು ಹೇಳಿ ಕಳಿಸಿದೆ. ಮರುದಿನ ಬಂದಾಗ ಎಲ್ಲವೂ ಸರಿಯಾಗಿತ್ತು.

ಐದನೇ ದಿನ ಕರ್ಚೀಫಿನ ತುಂಬ ರಕ್ತ ಹಿಡಿದುಕೊಂಡು ಬಂದರು. ಮಾಯಲು ಶುರುವಾಗಿದ್ದ ಗುಳಿ ಮತ್ತೆ ಬಿಚ್ಚಿಕೊಂಡಿತ್ತು. ಐದು ದಿನದ ಮೇಲೆ ಹಾಗಾಗುವುದು ಅಪರೂಪ. ಹತ್ತಿ ಅದುಮಿ ಹಿಡಿದು ರಕ್ತ ನಿಲ್ಲಿಸಿದ ಮೇಲೆ ಕೇಳಿದೆ.

"ಬೀಡಿ, ಸಿಗರೇಟು?"

"ಜನ್ಮದಲ್ಲಿ ಮುಟ್ಟಿಲ್ಲ."

"ಭಾರ ಏನಾದ್ರೂ ಎತ್ತಿದ್ರಾ? ಫ್ಯಾಕ್ಟರಿ ಕೆಲಸ ಅಂದ್ರಲ್ಲ?"

"ಇಲ್ಲ. ನೀವು ಕಿತ್ತಿದ್ದೇ ಸರಿ ಇಲ್ಲವೇನೋ ನೋಡಿ."

ಹೆಂಡತಿ ಏನೋ ಹೇಳಲು ಬಾಯಿ ತೆರೆದು ಗಂಡನ ಕಣ್ಣು ನೋಡಿ ರಕ್ತದ ಕರ್ಚೀಫು ಮಡಿಚತೊಡಗಿದರು.

ಮುಂದಿನ ವಾರ ಪ್ಲೇಟನ್ನು ತೆಗೆದು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದೆ. ಮುಂದಿನ ಹಲ್ಲುಗಳ ಹಿಂದೆ, ನಾಲಗೆ ತಾಗುವ ಕಡೆ, ಅಕ್ರಿಲಿಕ್ ತೆಳ್ಳಗಾಗಿತ್ತು. ಬಲಗಡೆ ಎಷ್ಟು ತೆಳುವೆಂದರೆ ಬೆಳಕು ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು. ಮೇಲೆಲ್ಲ ಸಣ್ಣ ಸಣ್ಣ ಗೀರು. ನಾನು ಕೊಟ್ಟ ಪ್ಲೇಟು ಹೀಗಿತ್ತೇ? ಆ ದಿನ ಮೇಲೆ ಮಾತ್ರ ನೋಡಿ ಕೂರಿಸಿಬಿಟ್ಟೆನೇ? ಅಲ್ಲಿ ಮುರಿದು ತುಂಡು ಗಂಟಲಿಗೆ ಇಳಿದರೆ, ಅದರಲ್ಲೂ ಉಸಿರಿನ ಕೊಳವೆಗೆ ಹೋದರೆ ಆ ಮನುಷ್ಯ ಉಳಿಯುವುದಿಲ್ಲ. ಪ್ಲೇಟನ್ನು ವಾಪಸು ಕೊಡಲಿಲ್ಲ. ಅವರು ಕುರ್ಚಿಯಿಂದ ಎದ್ದು ನಿಂತು ಕೂಗಾಡಿದರು. "ನನ್ನ ಹಲ್ಲು ನನಗೆ ಕೊಡಿ. ಇದೆಲ್ಲ ಹೊಸದು ಮಾಡ್ಸೋ ಉಪಾಯ" ಎಂದರು. ಎರಡು ದಿನ ತಡೆಯಿರಿ ಎಂದು ಕಳಿಸಿದೆ.

ಸಂಜೆ ಬಸ್ಸು ಹತ್ತಿ ಲ್ಯಾಬಿಗೆ ಹೋದೆ. ಮೆಕ್ಯಾನಿಕ್ ಅವಸರದಲ್ಲಿ ಕೆರೆದು ಕೊಟ್ಟಿದ್ದಾರೆ ಎಂದೇ ನನ್ನ ಎಣಿಕೆ. ಅವರ ಮೇಜಿನ ಮೇಲೆ ಪ್ಲೇಟು ಇಟ್ಟೆ.

"ಫಿನಿಶಿಂಗ್ ಹೀಗೆ ಮಾಡೋದಾ?"

ಅವರು ದೀಪದ ಕೆಳಗೆ ಹಿಡಿದು, ಕನ್ನಡಕ ಮೇಲಕ್ಕೆ ಏರಿಸಿ, ಬಹಳ ಹೊತ್ತು ನೋಡಿದರು. ಮುಖ ಕೆಂಪಾಗಿತ್ತು.

"ಮೇಡಂ, ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಮಿಷನ್ನಲ್ಲಿ ಉಜ್ಜಿದ ಗೀರು ದುಂಡಗೆ ಬರುತ್ತೆ. ಇದು ನೋಡಿ, ಉದ್ದಕ್ಕೆ, ಒಂದೇ ಕಡೆಗೆ. ಚಾಕುದು. ಯಾರೋ ಕೂತು ತಾಳ್ಮೆಯಾಗಿ ಹೆರೆದಿದ್ದಾರೆ. ನನ್ನ ಮೇಲೆ ಹಾಕ್ಬೇಡಿ."

ಕ್ಷಮೆ ಕೇಳಿದೆ. ಅವರು ಬೇರೆ ಕೆಲಸ ಹಿಡಿದರು. ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ: ಈ ರೋಗಿ ನನ್ನನ್ನು ನಂಬದೆ ಮತ್ತೊಬ್ಬ ಡಾಕ್ಟರ ಹತ್ತಿರ ಹೋಗಿ ಹೆರೆಸಿಕೊಂಡಿದ್ದಾರೆ. ಆದರೆ ಯಾವ ಡಾಕ್ಟರೂ ಚಾಕು ಹಿಡಿದು ಹೆರೆಯುವುದಿಲ್ಲವಲ್ಲ?

ಮೂರನೆಯ ದಿನ ಹೆಂಡತಿ ಒಬ್ಬರೇ ಬಂದರು. ಸೆರಗು ಭುಜದ ತುಂಬ ಹೊದ್ದು ಬೆಂಚಿನ ತುದಿಯಲ್ಲಿ ಕೂತರು.

"ಡಾಕ್ಟ್ರಮ್ಮ, ನಾನು ಬಂದಿದ್ದು ಅವರಿಗೆ ಗೊತ್ತಿಲ್ಲ. ಪ್ಲೇಟು ನೀವು ಇಟ್ಕೊಂಡ ಮೇಲೆ ಅವರು ಮನೆಯಿಂದ ಆಚೆ ಕಾಲಿಟ್ಟಿಲ್ಲ, ಬಾಯಿಗೆ ಟವಲ್ ಸುತ್ಕೊಂಡು ಕೂತವ್ರೆ. ಅದನ್ನ ಕೆರೆದಿದ್ದು ಅವರೇ."

"ಯಾಕೆ?"

"ಊದೋಕೆ ಆಗ್ತಿರಲಿಲ್ಲ."

ನನಗೆ ಅರ್ಥವಾಗಲಿಲ್ಲ. ಆಗ ಅವರು ಹೇಳಿದರು. ಗಂಡ ನಾಗಸ್ವರ ನುಡಿಸುವವರು. ಮೂವತ್ತು ವರ್ಷದಿಂದ ಬನಶಂಕರಿ, ಹನುಮಂತನಗರ, ಸಾರಕ್ಕಿಯ ಕಡೆ ಮದುವೆಗಳಿಗೆ ಅವರದೇ ವಾಲಗ. ಆಷಾಢದಲ್ಲಿ ಮದುವೆಯಿಲ್ಲ, ಆ ಒಂದು ತಿಂಗಳಲ್ಲಿ ಹಲ್ಲಿನ ಕೆಲಸ ಮುಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದರು.

"ಹಲ್ಲು ಹೋಯ್ತು ಅಂತ ಗೊತ್ತಾದ್ರೆ ಅವರ ಊದು ಮುಗೀತು ಅಂತಾರೆ. ಜೊತೇಲಿ ನುಡಿಸೋರೇ ಮೊದಲು ಅಂತಾರೆ. ಅದಕ್ಕೆ ಸುಳ್ಳು ಹೆಸರು. ಐದನೇ ದಿನ ತಡೀಲಾರ್ದೆ ಬಾಗಿಲು ಹಾಕ್ಕೊಂಡು ಊದಿದ್ರು, ರಕ್ತ ಬಂತು. ಆಮೇಲೆ ನಾಗಸ್ವರದ ಬಾಯಿಗೆ ಸಿಕ್ಕಿಸೋ ಪೀಪಿ ಹೆರೆಯೋ ಚಾಕೂಲಿ ಇದನ್ನ ಹೆರೆದ್ರು. ನಾನು ಬೇಡ ಅಂದೆ, ಕೇಳಲಿಲ್ಲ."

ನನಗೆ ಕೋಪ ಬಂತು. ಮೊದಲ ದಿನವೇ ಹೇಳಿದ್ದರೆ ಅಳತೆಯನ್ನೇ ಬೇರೆ ರೀತಿ ತೆಗೆಯುತ್ತಿದ್ದೆ. ಆದರೆ ಕೋಪ ಮಾಡಿಕೊಳ್ಳಲು ಪೂರ್ತಿ ಹಕ್ಕೂ ನನಗಿರಲಿಲ್ಲ. ಕೈ ನೋಡಿದ್ದೆ, ಹೆಸರು ಸುಳ್ಳೆಂದು ತಿಳಿದಿದ್ದೆ, ಪೊಲೀಸರವರೆಗೆ ಕಲ್ಪಿಸಿಕೊಂಡಿದ್ದೆ. "ನೀವು ಬಾಯಲ್ಲಿ ಏನು ಕೆಲಸ ಮಾಡ್ತೀರಿ" ಎಂಬ ಒಂದು ಪ್ರಶ್ನೆ ಕೇಳಿರಲಿಲ್ಲ.

ಇಲ್ಲಿಗೆ ಬಿಡುವುದು ಸುಲಭವಿತ್ತು. ಹಳೆಯ ದಪ್ಪಕ್ಕೇ ಹೊಸ ಪ್ಲೇಟು ಮಾಡಿಕೊಟ್ಟು, ಊದಬೇಡಿ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಹೆಂಡತಿಯ ಮುಂದೆಯೇ ಆ ಪ್ಲೇಟನ್ನು ಮತ್ತೆ ತಿರುಗಿಸಿ ನೋಡಿದೆ. ಹೆರೆದದ್ದು ಅಡ್ಡಾದಿಡ್ಡಿಯಾಗಿರಲಿಲ್ಲ. ಬಲಗಡೆಗೆ ಒಂದು ಇಳಿಜಾರು, ಅಂಚು ಸಹ ನಯ.

"ಭಾನುವಾರ ಮಧ್ಯಾಹ್ನ ಅವರನ್ನ ಕರ್ಕೊಂಡು ಬನ್ನಿ. ವಾದ್ಯಾನೂ ತರ್ಲಿ" ಎಂದೆ.

ಬಂದರು. ವಾದ್ಯವನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದರು. ಮೆಟ್ಟಿಲಲ್ಲಿ ಯಾರಾದರೂ ನೋಡಿದರೇ ಎಂದು ಎರಡು ಸಲ ಇಣುಕಿದರು. ಬಾಗಿಲು, ಕಿಟಕಿ ಎಲ್ಲ ಹಾಕಿಸಿದರು. ಹೆಂಡತಿಯ ಮೇಲೆ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಇವಳು ಹೇಳಿಬಿಟ್ಟಳು. ಇನ್ನು ನೀವು ಯಾರಿಗೆ ಹೇಳ್ತೀರೋ?"

"ಯಾರಿಗೂ ಹೇಳಲ್ಲ."

"ಎಲ್ಲರೂ ಹಂಗೇ ಅನ್ನೋದು."

ಗಾಯ ಆ ಹೊತ್ತಿಗೆ ಮೇಲೆ ಕೂಡಿಕೊಂಡಿತ್ತು. ತೆಳುವಾದ ಜಾಗಕ್ಕೆ ಒಸಡಿನ ಕಡೆಯಿಂದ ಅಕ್ರಿಲಿಕ್ ಆಸರೆ ಕೊಟ್ಟು ಅದೇ ಪ್ಲೇಟನ್ನು ಕೂರಿಸಿದೆ. ಮೊದಲು ಕೆಳಗಿನ ಸ್ವರಗಳು. ಮುಚ್ಚಿದ ಕೋಣೆಯಲ್ಲಿ ನಾಗಸ್ವರ ಎಂದರೆ ಕಿವಿ ಗುಂಯ್ ಎನ್ನುತ್ತದೆ. ಔಷಧದ ಶೀಷೆಗಳು ಬೀರುವಿನಲ್ಲಿ ಸದ್ದು ಮಾಡಿದವು. ಮೇಲಿನ ಸ್ವರಕ್ಕೆ ಹೋದ ಕೂಡಲೇ ತುಟಿಯ ಸಂದಿಯಿಂದ ಗಾಳಿ ಸೋರಿ ಪ್ಲೇಟು ಜಾರಿತು. ಅವರು ವಾದ್ಯ ಇಳಿಸಿ ಗೋಡೆ ಕಡೆ ನೋಡುತ್ತ ಕೂತರು. ಆಗ ಅವರ ಕಣ್ಣಲ್ಲಿ ನೀರಿತ್ತು. ಅಷ್ಟು ದಿನ ನನ್ನ ಮೇಲೆ ಹಾಯುತ್ತಿದ್ದುದರ ಹಿಂದೆ ಇದ್ದದ್ದು ಏನೆಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಕಾಲೇಜಿನಲ್ಲಿ ಒಂದು ಪರೀಕ್ಷೆ ಕಲಿಸಿದ್ದರು. ಹಲ್ಲು ಕಟ್ಟಿಸಿಕೊಂಡವರ ಮಾತು ತೊದಲಿದರೆ, ಪ್ಲೇಟನ್ನು ಒಣಗಿಸಿ ತೆಳ್ಳಗೆ ಪುಡಿ ಉದುರಿಸಿ ಬಾಯಿಗಿಟ್ಟು 'ತ', 'ದ' ಹೇಳಿಸುವುದು. ನಾಲಗೆ ತಾಗಿದ ಕಡೆ ಪುಡಿ ಒರೆಸಿಹೋಗಿರುತ್ತದೆ. ನನ್ನ ಬ್ಯಾಗಿನಲ್ಲಿದ್ದ ಮುಖದ ಪೌಡರನ್ನೇ ಉದುರಿಸಿದೆ.

"ಏನದು? ಏನು ಹಾಕ್ತಿದೀರಾ?"

"ಪೌಡರ್. ನಾನು ದಿನಾ ಹಚ್ಕೊಳ್ಳೋದು. ನೋಡಿ." ಕೆನ್ನೆಗೆ ಹಚ್ಚಿ ತೋರಿಸಿದೆ. ಹೆಂಡತಿ ಮೊದಲ ಸಲ ನಕ್ಕರು.

"ಒಂದೇ ಒಂದು ತುತ್ತುಕಾರ ಹೊಡೀರಿ" ಎಂದರು ಅವರೇ ಗಂಡನಿಗೆ. ನಾಲಗೆಯಿಂದ ತುತ್ತು ತುತ್ತು ಎಂದು ಉಸಿರನ್ನು ಕತ್ತರಿಸಿ ನುಡಿಸುವುದಕ್ಕೆ ಹಾಗೆನ್ನುತ್ತಾರೆ.

ನುಡಿಸಿ ಮುಗಿದ ಮೇಲೆ ಪ್ಲೇಟು ತೆಗೆದು ಕಿಟಕಿ ಸ್ವಲ್ಪ ತೆರೆದು ನೋಡಿದೆ. ನಡುವಿನಲ್ಲಿ ಪುಡಿ ಹೋಗಿರುತ್ತದೆ ಎಂದು ನಾನು ಎಂದುಕೊಂಡಿದ್ದೆ. ಹೋಗಿದ್ದದ್ದು ಬಲಗಡೆ. ಪೀಪಿಯನ್ನು ಅವರು ತುಟಿಯ ನಡುವೆ ಇಡದೆ ಬಲಕ್ಕೆ ಒಂದಿಷ್ಟು ಸರಿಸಿ ಹಿಡಿಯುತ್ತಿದ್ದರು. ಚಾಕು ಆಡಿದ ಜಾಗ, ಪೌಡರ್ ಹೋದ ಜಾಗ ಎರಡೂ ಒಂದೇ. ಅವರು ಕಣ್ಣಿಗೆ ಕಾಣದ್ದನ್ನು ನಾಲಗೆಯಿಂದ ಹುಡುಕಿ ಹೆರೆದದ್ದು ಸರಿಯಾಗಿಯೇ ಇತ್ತು.

"ನೀವು ಹೆರೆದಿದ್ದು ಸರಿ. ಆದ್ರೆ ಅದು ಮುರಿಯುತ್ತೆ, ಮುರಿದು ಉಸಿರಿಗೆ ಸಿಕ್ಕಿಕೊಳ್ಳುತ್ತೆ" ಎಂದೆ. "ಇನ್ನೇನು ಸರಿ ಇಲ್ಲ ಹೇಳಿ."

ಅವರು ನನ್ನ ಮುಖವನ್ನೇ ನೋಡಿದರು. ನಾನು ಅಣಕಿಸುತ್ತಿದ್ದೇನೋ ಎಂಬ ಗುಮಾನಿ ಇತ್ತು. ಆಮೇಲೆ ಹೇಳಿದರು.

"ನನ್ನ ಹಲ್ಲು ಇಷ್ಟು ಒಳಗಿರಲಿಲ್ಲ ತಾಯಿ. ಮೇಲುತುಟಿಗೆ ಹಿಂದೆ ಏನೂ ಸಿಗ್ತಿಲ್ಲ. ತುಟಿ ಒಳಗೆ ಬೀಳುತ್ತೆ."

ಲಕ್ಷಣವಾಗಿರಲಿ ಎಂದು ನಾನು ಮಾಡಿದ ಕೆಲಸ. ಕೀಳುವ ಮೊದಲು ತೆಗೆದ ಅಚ್ಚಿನ ಇನ್ನೊಂದು ಪ್ರತಿಯನ್ನು ಬೀರುವಿನಿಂದ ತೆಗೆದು ಮುಂದಿಟ್ಟುಕೊಂಡು, ಮೇಣದ ಪಟ್ಟಿಯ ಮೇಲೆ ಹಲ್ಲುಗಳನ್ನು ಹಳೆಯ ಕೋನಕ್ಕೇ ಕೂರಿಸಿದೆ. ಬಾಯಿಗಿಟ್ಟೆ. ಅವರು ನುಡಿಸದೆ ಪೀಪಿ ಮಾತ್ರ ತುಟಿಗೆ ಹಿಡಿದು ನೋಡಿ ಹೇಳುತ್ತ ಹೋದರು. ಇನ್ನೊಂದಿಷ್ಟು ಮುಂದೆ. ಅಷ್ಟು ಬೇಡ, ಹಿಂದೆ. ಮೇಣ ಬಿಸಿ ಮಾಡಿ, ಸರಿಸಿ, ತಣ್ಣೀರಿಗೆ ಅದ್ದಿ, ಮತ್ತೆ ಬಾಯಿಗೆ. ನಾಲ್ಕು ಗಂಟೆಯಾಯಿತು. ಕೆಳಗಿನ ಮನೆಯ ಯಜಮಾನರು ಮೆಟ್ಟಿಲ ಬುಡದಿಂದ "ಡಾಕ್ಟ್ರಮ್ಮ, ಏನು ವಿಶೇಷ? ಆಗ್ಲೇ ಬರೋವಾಗ ಕೇಳ್ತು, ಪಕ್ಕದ ರೋಡಲ್ಲಿ ಯಾರ ಮನೇಲೋ ವಾಲಗ" ಎಂದು ಕೂಗಿದರು. ಅವರು ಹಳೆಯ ಊರಿನವರು, ಹೊಲವಿದ್ದ ಜಾಗದಲ್ಲಿ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟವರು. "ನಾಮಕರಣ ಇರ್ಬೇಕು ಅಂಕಲ್" ಎಂದೆ. ಕುರ್ಚಿಯಲ್ಲಿದ್ದವರು ಉಸಿರು ಬಿಗಿಹಿಡಿದಿದ್ದರು.

ಮರುದಿನ ಮೆಕ್ಯಾನಿಕ್ ಹತ್ತಿರ ಹೋಗಿ ಮತ್ತೊಮ್ಮೆ ಕ್ಷಮೆ ಕೇಳಿ, ಬೇಕಾದದ್ದನ್ನು ಹೇಳಿದೆ. ಬಲಗಡೆ ತೆಳುವಾದ ಕಡೆ ಒಳಗೆ ಉಕ್ಕಿನ ಜಾಲರಿ ಹೂಳಬೇಕು. ಕೊಕ್ಕೆ ಎರಡರ ಬದಲು ನಾಲ್ಕು.

"ಸೊಟ್ಟ ಹಲ್ಲು ಕೂರಿಸಿ ಅಂತ ಯಾರಾದ್ರೂ ಹೇಳ್ತಾರಾ ಮೇಡಂ?"

"ಈ ಒಬ್ಬರಿಗೆ."

ಅವರು ಕಾರಣ ಕೇಳಿದರು. ಹೇಳಲಿಲ್ಲ. ಮೇಣದ ಮಾದರಿಯನ್ನು ತಿರುಗಿಸಿ ನೋಡಿ, ಮೊದಲ ಸಲ ಸಿಟ್ಟಿಲ್ಲದೆ, "ಯಾರೋ ಕೆಲಸ ಗೊತ್ತಿರೋರು ಹೇಳಿ ಮಾಡ್ಸಿದ್ದಾರೆ" ಎಂದರು.

ಆಷಾಢ ಮುಗಿಯಲು ಮೂರು ದಿನ ಇದ್ದಾಗ ಹೊಸ ಪ್ಲೇಟು ಕೂರಿಸಿದೆ. ಒಸಡು ಇನ್ನೂ ಇಳಿಯುತ್ತದೆ, ಎರಡು ತಿಂಗಳಾದ ಮೇಲೆ ಒಳಗಡೆ ತುಂಬಿಸಬೇಕು ಎಂದೆ. ಅವರು ಪ್ಲೇಟನ್ನು ತಾವೇ ಬೆಳಕಿಗೆ ಹಿಡಿದು, ಜಾಲರಿ ಇದೆಯೇ ಎಂದು ಪರೀಕ್ಷಿಸಿ ಹಾಕಿಕೊಂಡು ಹೋದರು. ಧನ್ಯವಾದ ಹೇಳಲಿಲ್ಲ.

ಶ್ರಾವಣದಲ್ಲಿ ಕೆಳಮನೆಯ ಯಜಮಾನರ ಮಗಳ ಮದುವೆ. ಛತ್ರದ ಬಾಗಿಲಿಗೆ ಹೋಗುತ್ತಿದ್ದಂತೆ ನಾಗಸ್ವರ ಕೇಳಿ ಕಾಲು ತಡೆಯಿತು. ಅವರೇ. ಡೋಲಿನವರು, ಜೊತೆಯ ನಾಗಸ್ವರದವರು ಅಕ್ಕಪಕ್ಕ. ನಾನು ಎರಡನೇ ಸಾಲಿನಲ್ಲಿ ಕೂತೆ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೈಯೆತ್ತಿದರು. ಎಲ್ಲರೂ ಅಕ್ಷತೆ ಎಸೆಯಲು ಮುಂದೆ ನುಗ್ಗಿದರು. ನನ್ನ ಕೈಯ ಅಕ್ಷತೆ ಕೈಯಲ್ಲೇ ಉಳಿಯಿತು. ಸ್ವರ ಮೇಲಕ್ಕೆ ಹೋಯಿತು, ಇನ್ನೂ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಗಾಳಿ ಸೋರಲಿಲ್ಲ.

ಊಟಕ್ಕೆ ಮುಂಚೆ ಯಜಮಾನರು ನನ್ನನ್ನು ಆ ನಾಗಸ್ವರದವರ ಮುಂದಕ್ಕೇ ಕರೆದೊಯ್ದರು. "ಡಾಕ್ಟ್ರಮ್ಮ, ನಮ್ಮ ಕಡೆ ದೊಡ್ಡ ವಿದ್ವಾಂಸರು ಇವರು. ಗೊತ್ತಾ ನಿಮಗೆ?"

ಅವರ ಕಣ್ಣು ನನ್ನ ಬಾಯಿಯ ಮೇಲಿತ್ತು. ಜೊತೆಯ ನಾಗಸ್ವರದವರು ಪಕ್ಕದಲ್ಲೇ ಇದ್ದರು.

"ಇಲ್ಲ ಅಂಕಲ್, ಇವತ್ತೇ ನೋಡ್ತಿರೋದು" ಎಂದೆ. "ನಮ್ಮ ಮಹಡೀಲಿ ಹಲ್ಲಿನ ಕ್ಲಿನಿಕ್ ಇಟ್ಟಿದ್ದಾರೆ" ಎಂದು ಯಜಮಾನರು ಅವರಿಗೆ ನನ್ನನ್ನು ತೋರಿಸಿದರು.

"ಹಲ್ಲಿನ ಡಾಕ್ಟ್ರಾ?" ಎಂದು ಅವರು ಕೈಮುಗಿದರು. "ದೇವರ ದಯೆ ತಾಯಿ, ನನಗೆ ಆ ಕಡೆ ಬರೋ ಹಂಗೆ ಆಗಿಲ್ಲ."

ಮುಂದಿನ ವಾರ ಮಧ್ಯಾಹ್ನ ಒಂದೂವರೆಗೆ ಬಾಗಿಲು ತಟ್ಟಿದ ಸದ್ದಾಯಿತು. ಹೆಂಡತಿಯನ್ನು ಬಿಟ್ಟು ಒಬ್ಬರೇ ಬಂದಿದ್ದರು. ಪ್ಲೇಟು ಚುಚ್ಚುತ್ತಿದೆಯೇ ಎಂದು ಕೇಳಿದೆ. ಇಲ್ಲವಂತೆ. ಕೂರಲೂ ಇಲ್ಲ.

"ಗಟ್ಟಿಮೇಳದಲ್ಲಿ ಇಡೀ ಛತ್ರ ಹುಡುಗಿ ಕಡೆ ನೋಡ್ತಿತ್ತು. ನೀವೊಬ್ಬರು ನನ್ನ ಬಾಯಿ ನೋಡ್ತಾ ಕೂತಿದ್ರಿ" ಎಂದರು. "ನಾಲ್ಕು ಜನಕ್ಕೆ ಅನುಮಾನ ಬರಲ್ವಾ ಡಾಕ್ಟ್ರಮ್ಮ? ಇನ್ಮೇಲೆ ಎಲ್ಲಾದ್ರೂ ಸಿಕ್ಕಿದ್ರೆ ಅಕ್ಷತೆ ಹಾಕಿ."